ಪುನರ್ಪುಳಿಯ ಸಿಪ್ಪೆಯೊಳಗಿನ ಗಾರ್ಸಿನಾಲ್

ಅಂಗಳದಲ್ಲಿ ಪುನರ್ಪುಳಿ (ಕೋಕಂ) ಹಣ್ಣಿನ ಸಿಪ್ಪೆಯನ್ನು ಒಣಹಾಕುತ್ತಿದ್ದಾಗ, ಇದರಿಂದ ಕ್ಯಾನ್ಸರ್ ವಾಸಿಯಾಗುವುದು ನಿಜವೇ ಎಂದು ಚಿಕ್ಕಮ್ಮ ಇಂದು ಆಸೆಯಿಂದ ಕೇಳಿದರು.

ಆ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಎಂಬ ಹಳದಿ ವಸ್ತುವು, ಜೀನ್‌ಗಳನ್ನು ಚುರುಕುಗೊಳಿಸಲು ನೆರವಾಗುವ ಪಿ300 ಎಂಬ ಕಿಣ್ವವನ್ನು ತಡೆಯುತ್ತದೆಂದೂ, ಪ್ರಯೋಗಾಲಯದಲ್ಲಿ ಬೆಳೆಸಿದ ಹೀಲಾ ಎಂಬ ಕ್ಯಾನ್ಸರ್ ಕೋಶಗಳು ಅದರ ಪ್ರಭಾವದಿಂದ ತಮ್ಮನ್ನು ತಾವೇ ಕೊಂದುಕೊಳ್ಳುತ್ತವೆಂದೂ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2004ರಲ್ಲಿಯೇ ತೋರಿಸಿದ್ದಾರೆ. ನಮ್ಮ ಕರಾವಳಿಯ ಹಣ್ಣಿನ ಬಗ್ಗೆ ನನಗೆ ಈ ಕಾರಣಕ್ಕೂ ಹೆಮ್ಮೆಯಿದೆ.

ಆದರೆ ಪ್ರಯೋಗಾಲಯದ ತಟ್ಟೆಯಲ್ಲಿರುವ ಕೋಶಕ್ಕೆ ಗಾರ್ಸಿನಾಲ್ ನೇರವಾಗಿ ತಾಗುತ್ತದೆ; ಪುನರ್ಪುಳಿ ಶರಬತ್ತಿನಲ್ಲಿ ಕುಡಿದದ್ದು, ಅದೂ ನೀರಿನಲ್ಲಿ ಸುಲಭವಾಗಿ ಕರಗದ ವಸ್ತು, ಕರುಳು ಮತ್ತು ಯಕೃತ್ತನ್ನು ದಾಟಿ ಕ್ಯಾನ್ಸರ್ ಗೆಡ್ಡೆಯವರೆಗೆ ಸಾಕಷ್ಟು ಪ್ರಮಾಣದಲ್ಲಿ ತಲುಪುತ್ತದೆಂದು ಹೇಳಲಾಗದು. ಶರಬತ್ತನ್ನು ಧಾರಾಳವಾಗಿ ಕುಡಿಯಿರಿ, ಆದರೆ ಅದನ್ನು ನಂಬಿ ಯಾರೂ ಕೀಮೋಥೆರಪಿಯನ್ನು ಮುಂದೂಡಬಾರದು ಎಂದು ಚಿಕ್ಕಮ್ಮನಿಗೆ ಕೈಹಿಡಿದು ಹೇಳಿದೆ.