ಜನವರಿ ಒಂದರಂದು ಮಂಚವಿತ್ತೇ?

"ಜನವರಿ ಒಂದನೆಯ ತಾರೀಕು ಆ ಮನೆಯಲ್ಲಿ ಮಂಚವಿತ್ತೇ, ಮದಾಮ್?"

ಈ ಮಂಗಳವಾರ ಬೆಳಿಗ್ಗೆ ಫ್ರಾನ್ಸಿನ ಒಂದು ತೆರಿಗೆ ಕಚೇರಿಯ ಕೌಂಟರಿನಲ್ಲಿ ಕುಳಿತಿದ್ದ ಮಹಿಳೆ ನನ್ನನ್ನು ಕೇಳಿದ ಪ್ರಶ್ನೆ ಇದು. ಅವರ ದನಿಯಲ್ಲಿ ಅನುಮಾನವಿರಲಿಲ್ಲ, ಅವಸರವೂ ಇರಲಿಲ್ಲ. ಇತ್ತು ಎಂದೋ ಇರಲಿಲ್ಲ ಎಂದೋ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಬಾಯಿ ತೆರೆಯಲು ಹೊತ್ತು ತೆಗೆದುಕೊಂಡೆ. ಪಕ್ಕದಲ್ಲಿ ಕುಳಿತಿದ್ದ ನನ್ನ ಗಂಡ, ಸಾಮಾನು ಸಾಗಿಸಿದವರು ಕೊಟ್ಟ ಬಿಲ್ಲನ್ನು ಮಡಿಸುತ್ತ ಬಿಡಿಸುತ್ತ ತಲೆ ತಗ್ಗಿಸಿಕೊಂಡಿದ್ದರು. ಬ್ರಸೆಲ್ಸ್‌ಗೆ ಹಿಂತಿರುಗಿ ನಾಲ್ಕು ದಿನಗಳಾದರೂ ಆ ಪ್ರಶ್ನೆ, ಆ ಮೌನ, ಆ ಮಡಿಸಿದ ಬಿಲ್ಲು ಮನಸ್ಸಿನಿಂದ ಸರಿದಿಲ್ಲ.

ಲಿಮೂಸಾಂ ಸೀಮೆಯ ಹಳ್ಳಿಯೊಂದರಲ್ಲಿರುವ ಆ ಕಲ್ಲಿನ ಮನೆಯನ್ನು ನಾವು ಕೊಂಡು ಒಂಬತ್ತು ವರ್ಷಗಳಾದವು. ಮಕ್ಕಳು ದೊಡ್ಡವರಾಗಿ ಅತ್ತ ಬರುವುದನ್ನು ನಿಲ್ಲಿಸಿದ ಮೇಲೆ, ಕಳೆದ ವರ್ಷ ಅದನ್ನು ಮಾರುವುದೆಂದು ತೀರ್ಮಾನಿಸಿದೆವು. ಕೊಳ್ಳಲು ಬಂದ ಯುವ ದಂಪತಿಗಳೊಂದಿಗೆ ಕರಾರಾಯಿತು, ಅಕ್ಟೋಬರಿನಲ್ಲಿ ಲಾರಿ ತರಿಸಿ ಮನೆಯನ್ನು ಖಾಲಿ ಮಾಡಿದೆವು. ನವೆಂಬರ್ ಕೊನೆಯಲ್ಲಿ ಅವರ ಬ್ಯಾಂಕು ಸಾಲವನ್ನು ನಿರಾಕರಿಸಿತು. ಸಾಲ ಸಿಗದಿದ್ದರೆ ಕೊಳ್ಳುವವರು ಹಿಂದೆ ಸರಿಯಬಹುದು ಎಂಬ ಷರತ್ತು ಕರಾರಿನಲ್ಲೇ ಇತ್ತು, ಹಾಗಾಗಿ ಅವರ ತಪ್ಪೇನೂ ಇಲ್ಲ. ಆ ಹುಡುಗಿ ಅಡುಗೆಮನೆಯ ಕಿಟಕಿಯ ಬಳಿ ನಿಂತು ತೊಟ್ಟಿಲು ಎಲ್ಲಿಡಬಹುದೆಂದು ಅಳೆದು ನೋಡಿದ್ದು ನೆನಪಾದಾಗಲೆಲ್ಲ, ನಮಗಿಂತ ಹೆಚ್ಚಿನದನ್ನು ಕಳೆದುಕೊಂಡವರು ಅವರೇ ಎನಿಸುತ್ತದೆ. ಸಾಲ ಸಿಕ್ಕಿಯೇ ಸಿಗುತ್ತದೆ ಎಂದು ಕೊನೆಯವರೆಗೂ ನಮ್ಮೆರಡೂ ಕಡೆಯವರನ್ನು ನಂಬಿಸಿದ ದಲ್ಲಾಳಿಯನ್ನು ಮಾತ್ರ ನಾನು ಅಷ್ಟು ಸುಲಭವಾಗಿ ಕ್ಷಮಿಸಲಾರೆ.

ಈ ನವೆಂಬರಿನಲ್ಲಿ ವಾಸದ ತೆರಿಗೆಯ ನೋಟಿಸು ಬಂತು: 614 ಯೂರೋ, ಡಿಸೆಂಬರ್ 15ರೊಳಗೆ. ಫ್ರಾನ್ಸಿನಲ್ಲಿ ಮನೆಯ ಮೇಲೆ ಎರಡು ಸ್ಥಳೀಯ ತೆರಿಗೆಗಳಿವೆ. ಒಂದು ತಾಕ್ಸ್ ಫಾನ್ಸಿಯೇರ್, ಅಂದರೆ ಮಾಲೀಕರು ಕೊಡಬೇಕಾದ ಆಸ್ತಿ ತೆರಿಗೆ. ಅದನ್ನು ಅಕ್ಟೋಬರಿನಲ್ಲೇ ಕಟ್ಟಿದ್ದೆವು, ಅದರ ಬಗ್ಗೆ ತಕರಾರಿಲ್ಲ. ಇನ್ನೊಂದು ತಾಕ್ಸ್ ದಾಬಿತಾಸ್ಯೋಂ, ವಾಸದ ತೆರಿಗೆ. ಸ್ವಂತ ವಾಸದ ಮುಖ್ಯ ಮನೆಗಳಿಗೆ ಅದನ್ನು ಹಂತಹಂತವಾಗಿ ಇಳಿಸುತ್ತ ಬಂದು 2023ರಲ್ಲಿ ಪೂರ್ತಿಯಾಗಿ ತೆಗೆದುಹಾಕಿದರು, ಎರಡನೆಯ ಮನೆಗಳಿಗೆ ಉಳಿಸಿಕೊಂಡರು. ಎರಡಕ್ಕೂ ಲೆಕ್ಕ ಜನವರಿ ಒಂದರದ್ದೇ. ಆ ದಿನ ಮನೆ ಯಾರದ್ದಾಗಿತ್ತೋ, ಯಾರ ಕೈಯಲ್ಲಿತ್ತೋ ಅವರು ಇಡೀ ವರ್ಷದ ತೆರಿಗೆ ಕಟ್ಟಬೇಕು, ಜನವರಿ ಎರಡರಂದೇ ಮಾರಿದರೂ ಸರಿಯೇ. ಆದರೆ ವಾಸದ ತೆರಿಗೆ ಬೀಳುವುದು ಸಾಮಾನು ಸರಂಜಾಮು ಇರುವ ಮನೆಗೆ ಮಾತ್ರ. ಪೂರ್ತಿ ಖಾಲಿಯಾಗಿದ್ದ ಮನೆಗೆ ಅದು ಬೀಳುವುದಿಲ್ಲ. ಮನೆಗಳಿಗೆ ಬೇಡಿಕೆ ಹೆಚ್ಚಿರುವ ಊರುಗಳಲ್ಲಾದರೆ ಖಾಲಿ ಮನೆಗೆ ಬೇರೆಯೇ ಒಂದು ತೆರಿಗೆ ಕಾದಿರುತ್ತದೆ, ನಮ್ಮ ಹಳ್ಳಿ ಆ ಪಟ್ಟಿಯಲ್ಲಿಲ್ಲ.

ನನ್ನ ಗಂಡ ಹಿಡಿದದ್ದು ಈ ಎಳೆಯನ್ನೇ. ಚಳಿಗಾಲಕ್ಕೆ ಮುಂಚೆ ಕೊಳವೆಗಳ ನೀರನ್ನು ಬಸಿಯಲು ಹೇಗೂ ಹೋಗಬೇಕಿತ್ತು. ಅದೇ ವಾರಕ್ಕೆ ತೆರಿಗೆ ಕಚೇರಿಯ ಭೇಟಿಯನ್ನೂ ಗೊತ್ತು ಮಾಡಿಕೊಂಡು, ಸಾಗಣೆಯ ಬಿಲ್ಲನ್ನು ಜೊತೆಗಿಟ್ಟುಕೊಂಡರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಇಪ್ಪತ್ತಾರು ವರ್ಷಗಳ ಸಂಸಾರದಲ್ಲಿ ಅಂಗಡಿಯವರು ಹೆಚ್ಚಾಗಿ ಕೊಟ್ಟ ಚಿಲ್ಲರೆಯನ್ನು ಹಿಂತಿರುಗಿಸಲು ಅವರು ನಡೆದುಕೊಂಡು ಹೋದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆದರೆ ಮಾರಾಟ ಮುರಿದುಬಿದ್ದ ಮೇಲೆ ಅವರೊಳಗೆ ಒಂದು ಕಹಿ ಕೂತಿತ್ತು. ದಾರಿಯುದ್ದಕ್ಕೂ ಅವರು ಹೇಳುತ್ತ ಬಂದದ್ದು ಒಂದೇ ಮಾತು: "ಒಂದು ಮಂಚ, ಒಂದು ಮೇಜು, ಎರಡು ಕುರ್ಚಿ, ಒಂದು ಒಲೆ. ಇಷ್ಟಕ್ಕೆ ಯಾರಾದರೂ ಸಂಸಾರ ಎನ್ನುತ್ತಾರೆಯೇ? ನೀನೇ ಹೇಳು."

ಆ ಮಂಚವನ್ನು ಉಳಿಸಿಕೊಂಡದ್ದು ನಾನು. ನೋಂದಣಿಯ ಸಹಿಗೆ ಬಂದಾಗ ಹೋಟೆಲಿನಲ್ಲಿ ತಂಗುವುದು ಬೇಡ, ಕೊನೆಯ ರಾತ್ರಿ ನಮ್ಮ ಮನೆಯಲ್ಲೇ ಮಲಗೋಣ ಎಂದು ಲಾರಿಗೆ ಏರಿಸಿದ್ದ ಮಂಚವನ್ನು ಇಳಿಸಿದೆ. ಬಿಲ್ಲಿನಲ್ಲಿ ಅದರ ಮಾತಿಲ್ಲ. ಮನೆ ತೆರವು ಎಂದಷ್ಟೇ ಬರೆದಿದೆ.

ಕೌಂಟರಿನ ಮಹಿಳೆ ಮೊದಲು ಕಂಪ್ಯೂಟರಿನಲ್ಲಿ ನಮ್ಮ ಘೋಷಣೆಯನ್ನು ತೆರೆದು ತೋರಿಸಿದರು. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ಪ್ರತಿಯೊಬ್ಬ ಮಾಲೀಕರೂ ತೆರಿಗೆ ಇಲಾಖೆಯ ಜಾಲತಾಣದಲ್ಲಿ ತಿಳಿಸಬೇಕೆಂಬ ನಿಯಮ 2023ರಿಂದ ಬಂದಿದೆ. ತಿಳಿಸದಿದ್ದರೆ ಮನೆಯೊಂದಕ್ಕೆ 150 ಯೂರೋ ದಂಡ. ನಾವು ಆ ವರ್ಷವೇ ಎರಡನೆಯ ಮನೆ ಎಂದು ನಮೂದಿಸಿದ್ದೆವು. ಅನಂತರ ಏನಾದರೂ ಬದಲಾಗಿದ್ದರೆ ಜೂನ್ ತಿಂಗಳೊಳಗೆ ತಿದ್ದಬೇಕಿತ್ತು, ತಿದ್ದಿರಲಿಲ್ಲ. ಅದು ದೊಡ್ಡ ತೊಡಕಲ್ಲವೆಂದು ಅವರೇ ಹೇಳಿದರು. ಮನೆ ಖಾಲಿಯಿತ್ತು ಎಂಬುದಕ್ಕೆ ಬಿಲ್ಲಿನಂಥ ಪುರಾವೆ ಸೇರಿಸಿ ಆಕ್ಷೇಪಣೆ ಬರೆದುಕೊಟ್ಟರೆ ಪರಿಶೀಲಿಸಿ ತೆರಿಗೆಯನ್ನು ರದ್ದುಗೊಳಿಸಬಹುದಂತೆ. ನನ್ನ ಗಂಡ ಬಿಲ್ಲನ್ನು ಮುಂದೆ ಚಾಚಿದರು. ಆ ಮಹಿಳೆ ಅದನ್ನು ಓದಿ, ಕನ್ನಡಕ ತೆಗೆದು, ಅವರತ್ತ ನೋಡದೆ ನನ್ನತ್ತ ನೋಡಿ ಕೇಳಿದರು: "ಜನವರಿ ಒಂದನೆಯ ತಾರೀಕು ಆ ಮನೆಯಲ್ಲಿ ಮಂಚವಿತ್ತೇ, ಮದಾಮ್?"

ನನ್ನನ್ನೇ ಏಕೆ ಕೇಳಿದರು ಎಂಬುದು ಇವತ್ತಿಗೂ ಅರ್ಥವಾಗಿಲ್ಲ. ಮನೆಯಲ್ಲಿ ಏನಿದೆ, ಏನಿಲ್ಲ ಎಂಬುದು ಹೆಂಗಸಿಗೆ ಗೊತ್ತಿರುತ್ತದೆ ಎಂಬ ಹಳೆಯ ನಂಬಿಕೆ ಇದ್ದಿರಬಹುದು. ನನ್ನ ಮುಖದಲ್ಲಿ ಮಂಚ ಕಂಡಿರಲೂಬಹುದು.

"ಇತ್ತು," ಎಂದೆ.

"ಒಲೆ?"

"ಇತ್ತು."

ಆಕೆ ತಲೆಯಾಡಿಸಿ, ಬಿಲ್ಲನ್ನು ಎರಡೂ ಕೈಗಳಿಂದ ನನ್ನ ಗಂಡನಿಗೆ ಹಿಂದಿರುಗಿಸಿದರು. ಮಲಗಿ ಎದ್ದು ಒಂದು ತುತ್ತು ಬೇಯಿಸಿಕೊಳ್ಳಲು ಸಾಲುವಷ್ಟು ಸಾಮಾನಿದ್ದರೆ ಕಾನೂನಿನ ಕಣ್ಣಿಗೆ ಅದು ವಾಸಯೋಗ್ಯ ಮನೆಯೇ ಎಂದು ವಿವರಿಸಿದರು. ವಿವರಿಸುವಾಗ ಅವರ ದನಿಯಲ್ಲಿ ಒಂದು ಬಗೆಯ ಮೃದುತ್ವವಿತ್ತು. ಸರ್ಕಾರಿ ಕೌಂಟರುಗಳಲ್ಲಿ ನಾನು ಕಂಡ ಅತ್ಯಂತ ಮರ್ಯಾದಸ್ಥ ವ್ಯಕ್ತಿಗಳಲ್ಲಿ ಆಕೆ ಒಬ್ಬರು.

ಹಿಂತಿರುಗುವಾಗ ಕಾರಿನಲ್ಲಿ ನನ್ನ ಗಂಡ ಸುಮಾರು ಹೊತ್ತು ಮಾತನಾಡಲಿಲ್ಲ. ಹಳ್ಳಿಯ ಬಳಿ ಬಂದಾಗ, "ನೀನು ಹೇಳದಿದ್ದರೆ ನಾನೇ ಹೇಳುತ್ತಿದ್ದೆನೋ ಏನೋ," ಎಂದರು. ನಾನು ಆ ಮಾತನ್ನು ಪೂರ್ತಿಯಾಗಿ ನಂಬುತ್ತೇನೆ.

ನಮ್ಮ ಮನೆಯ ಮೇಲಂತಸ್ತಿನಲ್ಲಿ ಕಲ್ಲಿನಿಂದ ಮುಚ್ಚಿದ ಒಂದು ಕಿಟಕಿಯಿದೆ. ಬಾಗಿಲು ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕುತ್ತಿದ್ದ ಕಾಲದಲ್ಲಿ ಅದನ್ನು ಮುಚ್ಚಿದರು ಎಂದು ಹಳ್ಳಿಯವರು ಹೇಳುತ್ತಾರೆ. ಆ ತೆರಿಗೆ ಫ್ರಾನ್ಸಿನಲ್ಲಿ 1798ರಿಂದ 1926ರವರೆಗೆ ಇದ್ದದ್ದಂತೂ ನಿಜ. ತೆರಿಗೆಯವರು ಮನೆಯೊಳಗೆ ಬರಬೇಕಾಗಿರಲಿಲ್ಲ, ಬೀದಿಯಲ್ಲಿ ನಿಂತು ಎಣಿಸಿಕೊಂಡು ಹೋಗಬಹುದಿತ್ತು. ಇಂದಿನ ಲೆಕ್ಕ ಒಳಗಿನದ್ದು. ತೆರಿಗೆಗೆ ಆಧಾರವಾದ ಬಾಡಿಗೆ ಮೌಲ್ಯವನ್ನು ನಿಗದಿಪಡಿಸಿದ್ದು 1970ರ ಬಾಡಿಗೆಗಳ ಮೇಲೆ, ಪ್ರತಿ ವರ್ಷ ಬೆಲೆಯೇರಿಕೆಗೆ ತಕ್ಕಂತೆ ಅದನ್ನು ಹೆಚ್ಚಿಸುತ್ತಾರೆ. 2023ರಲ್ಲಿ ಒಂದೇ ಸಲ ಶೇ 7.1ರಷ್ಟು ಏರಿತ್ತು. ಆ ಲೆಕ್ಕದಲ್ಲಿ ಸ್ನಾನದ ತೊಟ್ಟಿಯೊಂದು ಮನೆಯ ಐದು ಚದರ ಮೀಟರ್ ಜಾಗಕ್ಕೆ ಸಮ, ಶವರ್ ನಾಲ್ಕಕ್ಕೆ ಸಮ. ನಾವು ಬಚ್ಚಲುಮನೆ ಕಟ್ಟಿಸಿದ ಬೇಸಿಗೆಯಲ್ಲಿ ಆ ನಮೂನೆಯನ್ನು ತುಂಬಿದವಳು ನಾನೇ. ಮಕ್ಕಳು ನೀರೆರಚಿಕೊಂಡು ಕಿರುಚಾಡಿದ ತೊಟ್ಟಿ ಕಾಗದದ ಮೇಲೆ ಐದು ಚದರ ಮೀಟರ್ ಆದದ್ದನ್ನು ಕಂಡು ಅಂದು ನನಗೆ ಬೇಸರವಾಗಿತ್ತು. ಮಂಗಳವಾರ ಹಾಗಾಗಲಿಲ್ಲ. ಮಂಚವಿತ್ತೇ ಎಂಬ ಪ್ರಶ್ನೆಗೆ ನಾನು ಕೊಟ್ಟ ಉತ್ತರದಲ್ಲಿ, ನಾವು ಆ ಮನೆಯನ್ನು ಇನ್ನೂ ಬಿಟ್ಟುಕೊಟ್ಟಿಲ್ಲ ಎಂಬ ಒಪ್ಪಿಗೆಯೂ ಇತ್ತು. ಒಂದು ವರ್ಷದಿಂದ ನಾವಿಬ್ಬರೂ ಪರಸ್ಪರ ಹೇಳಿಕೊಳ್ಳದೆ ಉಳಿದಿದ್ದ ಮಾತು ಅದು.

ತೆರಿಗೆ ನ್ಯಾಯವೇ ಎಂದು ಕೇಳಿದರೆ, ನ್ಯಾಯವೆಂದೇ ಹೇಳುತ್ತೇನೆ. ಮತ ಹಾಕುವ ಹಕ್ಕಿಲ್ಲದ ಊರಿಗೆ ಹಣ ಮಾತ್ರ ಕೊಡಬೇಕು ಎಂದು ಎರಡನೆಯ ಮನೆಯ ಮಾಲೀಕರು ದೂರುವುದನ್ನು ಕೇಳಿದ್ದೇನೆ, ಒಂದು ಕಾಲಕ್ಕೆ ನಾನೂ ಹಾಗೆ ಗೊಣಗಿದ್ದೇನೆ. ಆದರೆ ವರ್ಷಕ್ಕೆ ಐದಾರು ವಾರ ಮಾತ್ರ ದೀಪ ಹಚ್ಚುವ ಮನೆಯೆಂದರೆ ಉಳಿದ ನಲವತ್ತಾರು ವಾರ ಬೀದಿಯಲ್ಲಿ ಕತ್ತಲೆಯಾಗಿ ನಿಲ್ಲುವ ಮನೆ. ಆ ಕತ್ತಲೆಯನ್ನು ದಿನವೂ ನೋಡುವವರು ಅಲ್ಲಿಯೇ ಇರುವ ನೆರೆಯವರು. ಹಿಮ ಬಿದ್ದಾಗ ನಮ್ಮ ದಾರಿಗೆ ಉಪ್ಪು ಚೆಲ್ಲುವ ಗಾಡಿ, ನಾವಿಲ್ಲದಾಗ ಹೆಂಚು ಹಾರಿಹೋದದ್ದನ್ನು ಕಂಡು ಫೋನು ಮಾಡಿದ ಮೇಯರ್ ಕಚೇರಿಯ ಕಾರ್ಯದರ್ಶಿ, ಪಕ್ಕದ ಊರಿನೊಂದಿಗೆ ತರಗತಿಗಳನ್ನು ಹಂಚಿಕೊಂಡು ಹೇಗೋ ಉಳಿದಿರುವ ಶಾಲೆ, ಇವೆಲ್ಲ ಹನ್ನೆರಡು ತಿಂಗಳೂ ನಡೆಯಬೇಕು. ಮನೆಗಳಿಗೆ ಬರವಿರುವ ಊರುಗಳಲ್ಲಿ ಎರಡನೆಯ ಮನೆಯ ತೆರಿಗೆಯ ಮೇಲೆ ಶೇ 5ರಿಂದ 60ರವರೆಗೆ ಹೆಚ್ಚುವರಿ ಹೇರಬಹುದು, ಪ್ಯಾರಿಸ್‌ನಲ್ಲಿ ಅದು 60ಕ್ಕೇ ನಿಂತಿದೆ. ತೊಟ್ಟಿಲು ಇಡಲು ಜಾಗ ಅಳೆದ ಆ ಹುಡುಗಿಯನ್ನು ನೆನೆದರೆ, ಅದನ್ನೂ ಅನ್ಯಾಯವೆನ್ನಲು ನನಗೆ ಬಾಯಿ ಬರುವುದಿಲ್ಲ.

ಅಂದು ರಾತ್ರಿ ಅದೇ ಮನೆಯಲ್ಲಿ, ಅದೇ ಮಂಚದ ಮೇಲೆ ಕುಳಿತು ತೆರಿಗೆ ಕಟ್ಟಿದೆ. 300 ಯೂರೋ ದಾಟಿದರೆ ಚೆಕ್ಕು ನಡೆಯುವುದಿಲ್ಲ, ಆನ್‌ಲೈನಿನಲ್ಲೇ ಕಟ್ಟಬೇಕು. ನೋಟಿಸಿನ ಮೇಲಿದ್ದ ಸಂಖ್ಯೆಗಳನ್ನು ನನ್ನ ಗಂಡ ಒಂದೊಂದಾಗಿ ಓದಿ ಹೇಳಿದರು, ನಾನು ಒತ್ತಿದೆ.

ಮರುದಿನ ಕೊಳವೆಗಳ ನೀರು ಬಸಿದು ಹೊರಡುವಾಗ, ಪಕ್ಕದ ಮನೆಯ ಅಜ್ಜಿ ತಮ್ಮ ಮೊಮ್ಮಗನಿಗೆ ಒಂದು ಮಂಚ ಬೇಕಾಗಿದೆ ಎಂದು ಹೇಳಿ ಹೋದರು. ಇನ್ನು ಆರು ವಾರ ಕಳೆದರೆ ಜನವರಿ ಒಂದು. ಮಂಚವನ್ನು ಈಗಲೇ ಅವರಿಗೆ ಕೊಟ್ಟರೆ ಮುಂದಿನ ವರ್ಷ ಯಾವ ಕಚೇರಿಯಲ್ಲಿ ಯಾರು ಕೇಳಿದರೂ ಇಲ್ಲವೆಂದೇ ಹೇಳಬಹುದು, ಅದು ಸತ್ಯವೂ ಆಗಿರುತ್ತದೆ. ನಾನು ಏನೆನ್ನಲಿ ಎಂದು ನನ್ನ ಗಂಡನ ಮುಖ ನೋಡಿದೆ. ಅವರು ಏನೂ ಹೇಳದೆ ಒಳಗೆ ಹೋಗಿ, ಕಪಾಟಿನ ಮೂಲೆಯಲ್ಲಿ ಉಳಿದಿದ್ದ ಹಳೆಯ ಹೊದಿಕೆಯನ್ನು ಕೊಡವಿ, ಧೂಳು ಕೂರದಂತೆ ಮಂಚದ ಮೇಲೆ ಹೊದಿಸಿ, ನಾಲ್ಕೂ ಮೂಲೆಗಳನ್ನು ಎಳೆದು ಸರಿಮಾಡಿದರು.