ನೆರೆ ಇಳಿದ ಮೇಲೆ ಶಾಲೆ ತೆರೆಯುವುದು

2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಉಕ್ಕಿದಾಗ ನದಿದಂಡೆಯ ಊರುಗಳ ಶಾಲೆಗಳು ಎರಡು ಬಗೆಯಲ್ಲಿ ಮುಚ್ಚಿದವು. ಕೆಲವಕ್ಕೆ ನೀರು ನುಗ್ಗಿತು. ಉಳಿದವು ಕಾಳಜಿ ಕೇಂದ್ರಗಳಾದವು, ಅಂದರೆ ಮನೆ ಬಿಟ್ಟುಬಂದವರ ತಂಗುದಾಣಗಳಾದವು. ಎರಡನೆಯದನ್ನು ಮೊದಲೇ ಯೋಚಿಸಬಹುದು: ಪಂಚಾಯಿತಿ ಸಮುದಾಯ ಭವನ, ಕಲ್ಯಾಣ ಮಂಟಪಗಳನ್ನು ಅವರಿಗೆಂದು ಮೇ ತಿಂಗಳಲ್ಲೇ ಗುರುತಿಸಿಟ್ಟರೆ ಕನಿಷ್ಠ ಎರಡು ಕೋಣೆಯಾದರೂ ಪಾಠಕ್ಕೆ ಉಳಿಯುತ್ತವೆ.

ದಾಖಲಾತಿ ಪುಸ್ತಕವನ್ನು ಕೆಳಗಿನ ಬೀರುವಿನಲ್ಲಿಡಬೇಡಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ ಎತ್ತರದಲ್ಲಿಡಿ. ಪ್ರತಿ ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನು (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ಮನೆಯವರ ಫೋನಿನಲ್ಲೂ ಬರೆಸಿ. ಮಗು ಬೇರೆ ಊರಿನ ಶಾಲೆಗೆ ಹೋದರೆ ವಿವರ ಹುಡುಕಲು ಅದೇ ಆಧಾರ.

ನೀರಿಳಿದ ಮೇಲೆ ಎಲ್ಲರೂ ನೆಲ ತೊಳೆಯುತ್ತಾರೆ, ಟ್ಯಾಂಕ್ ಮರೆಯುತ್ತಾರೆ. ಮೊದಲು ಕೆಸರು ತೆಗೆದು ಉಜ್ಜಬೇಕು. ಕೆಸರಿದ್ದರೆ ಕ್ಲೋರಿನ್ ಅಲ್ಲೇ ಖರ್ಚಾಗುತ್ತದೆ. ಆಮೇಲೆ ಟ್ಯಾಂಕಿಗೆ ನೀರು ತುಂಬಿ. 1000 ಲೀಟರಿಗೆ 33% ಕ್ಲೋರಿನ್ನಿನ ಬ್ಲೀಚಿಂಗ್ ಪುಡಿ 150 ಗ್ರಾಂ ಸಾಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿಯಿರಿ, ಇಲ್ಲದಿದ್ದರೆ ನಲ್ಲಿ ಕಟ್ಟುತ್ತದೆ. ರಾತ್ರಿಯಿಡೀ ಬಿಟ್ಟು, ಪೂರ್ತಿ ಖಾಲಿ ಮಾಡಿ, ಹೊಸ ನೀರು ತುಂಬಿ. ಬಾಯಿ ತೆರೆದಿಟ್ಟ ಹಳೆಯ ಪುಡಿಯಲ್ಲಿ ಕಸುವಿರುವುದಿಲ್ಲ.

ಸ್ವಿಚ್ ಬೋರ್ಡ್ ಒಣಗಿದೆ ಎಂದು ಕೈಯಿಡಬೇಡಿ. ಎಲೆಕ್ಟ್ರಿಷಿಯನ್ ನೋಡುವತನಕ ಮೇನ್ ಬಂದ್ ಇರಲಿ. ಮಣ್ಣಿನ ಗೋಡೆ ಬಿಸಿಲು ಬಿದ್ದ ಮೇಲೂ ಕುಸಿಯುತ್ತದೆ. ಅಂಥ ಕೋಣೆಗಿಂತ ಗುಡಿಯ ಕಟ್ಟೆಯೇ ವಾಸಿ. ಪಠ್ಯಪುಸ್ತಕ ಬರುವವರೆಗೆ ಕಾಯದೆ ಓದು, ಲೆಕ್ಕ ಶುರುಮಾಡಿ. ಬಿಸಿಯೂಟವಂತೂ ಮೊದಲ ದಿನದಿಂದಲೇ ಬೇಕು.