ಆಕ್ಲೆಂಡ್ ಸೆಂಟ್ರಲ್: ಒಂದು ಮತಕ್ಷೇತ್ರದೊಳಗೆ ಕಾಲ್ನಡಿಗೆ

ನ್ಯೂಜಿಲೆಂಡಿನ ಆಕ್ಲೆಂಡ್‌ಗೆ ಹೋದವರು ಸಾಮಾನ್ಯವಾಗಿ ಸ್ಕೈ ಟವರ್ ಹತ್ತುತ್ತಾರೆ, ಬಂದರಿನ ಕಟ್ಟೆ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಮಾರನೇ ದಿನ ರೊಟೊರುವಾದ ಬಿಸಿನೀರಿನ ಬುಗ್ಗೆ ನೋಡಲು ಬಸ್ಸು ಹಿಡಿಯುತ್ತಾರೆ. ನನಗೆ ಇರುವುದು ಬೇರೆ ಹುಚ್ಚು. ಯಾವ ಊರಿಗೆ ಹೋದರೂ ಇಲ್ಲಿ ಗೆದ್ದವರು ಯಾರು, ಸೋತವರು ಯಾರು, ಯಾಕೆ ಅಂತ ಕೇಳಬೇಕು. ಅಲ್ಲೇ ನೆಲೆಸಿರುವ ಗೆಳೆಯನಿಗೆ ಇದು ಗೊತ್ತು. "ಹಾಗಾದ್ರೆ ಆಕ್ಲೆಂಡ್ ಸೆಂಟ್ರಲ್ ಕ್ಷೇತ್ರ ನಡೆದು ನೋಡು ಮಾರಾಯ. ಎಪ್ಪತ್ತು ವರ್ಷ ಒಂದೇ ಪಕ್ಷವನ್ನ ಹಿಡ್ಕೊಂಡಿತ್ತು. ಆಮೇಲೆ ಯಾರನ್ನೂ ನಂಬಲಿಲ್ಲ," ಅಂದ.

ನಡಿಗೆ ಶುರುವಾಗಿದ್ದು ಆಲ್ಬರ್ಟ್ ಪಾರ್ಕಿನಲ್ಲಿ. ಅಲ್ಲಿ ಸರ್ ಜಾರ್ಜ್ ಗ್ರೇ ಅವರ ಅಮೃತಶಿಲೆಯ ಪ್ರತಿಮೆ ಇದೆ. ಎರಡು ಸಲ ಗವರ್ನರ್, 1877ರಿಂದ 79ರವರೆಗೆ ಪ್ರಧಾನಿ, 1887ರಲ್ಲಿ ಈ ಕ್ಷೇತ್ರ ಹುಟ್ಟಿದಾಗ ಅದರ ಮೊದಲ ಸಂಸದ. ಆಗೆಲ್ಲ ಎಷ್ಟು ಕ್ಷೇತ್ರಗಳಲ್ಲಿ ಆಸ್ತಿ ಇದೆಯೋ ಅಷ್ಟು ಕಡೆ ವೋಟು ಹಾಕಬಹುದಿತ್ತು. ಒಬ್ಬನಿಗೆ ಒಂದೇ ವೋಟು ಅಂತ ಹಟ ಹಿಡಿದವರಲ್ಲಿ ಗ್ರೇ ಮುಖ್ಯರು. 1889ರಲ್ಲಿ ಅದು ಕಾನೂನಾಯಿತು. ಇಷ್ಟು ಕೇಳಿದರೆ ದೊಡ್ಡ ಮನುಷ್ಯ ಅನಿಸುತ್ತದೆ, ಅಲ್ವಾ? ಆದರೆ 1863ರಲ್ಲಿ ವೈಕಾಟೊ ಸೀಮೆಯ ಮೂಲನಿವಾಸಿ ಮಾವೋರಿಗಳ ಮೇಲೆ ಸೈನ್ಯ ನುಗ್ಗಿಸಿದ ಗವರ್ನರ್ ಕೂಡ ಇವರೇ. 1987ರ ವೈತಾಂಗಿ ದಿನ, ಅಂದರೆ ಬ್ರಿಟಿಷರು ಮತ್ತು ಮಾವೋರಿಗಳ ಒಪ್ಪಂದ ನೆನೆಯುವ ರಾಷ್ಟ್ರೀಯ ದಿನ, ಪ್ರತಿಭಟನಾಕಾರರು ಈ ಪ್ರತಿಮೆಯ ತಲೆ ಉರುಳಿಸಿದರು. ಈಗಿರುವುದು ಆಮೇಲೆ ಕೂರಿಸಿದ ತಲೆ.

ಕ್ಷೇತ್ರಕ್ಕೂ ಆರಂಭದಲ್ಲಿ ಸ್ಥಿರತೆ ಇರಲಿಲ್ಲ. 1890ರಲ್ಲಿ ಅದನ್ನು ಅಳಿಸಿ, ನಗರಕ್ಕೆಲ್ಲ ಸೇರಿ ಮೂವರು ಸಂಸದರ ಒಂದೇ ದೊಡ್ಡ ಕ್ಷೇತ್ರ ಮಾಡಿದರು. 1905ರಲ್ಲಿ ಮತ್ತೆ ಬೇರೆಯಾಯಿತು. ಮುಂದಿನ ಕೆಲವು ವರ್ಷ ಲಿಬರಲ್ ಪಕ್ಷದ್ದು. ಅದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ.

ಪಾರ್ಕಿನಿಂದ ಇಳಿಜಾರಿನಲ್ಲಿ ಇಳಿದರೆ ಫ್ರೈಬರ್ಗ್ ಚೌಕ. ಮೆಟ್ಟಿಲುಗಳ ಮೇಲೆ ಆಫೀಸಿನವರು ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು. ಪಕ್ಕದ ಕಟ್ಟಡಕ್ಕೆ ಎಲೆನ್ ಮೆಲ್ವಿಲ್ ಹೆಸರು. ವಕೀಲೆ. 1913ರಲ್ಲಿ ನಗರಸಭೆಗೆ ಆಯ್ಕೆಯಾಗಿ 1946ರಲ್ಲಿ ಸಾಯುವವರೆಗೂ ಅಲ್ಲೇ ಇದ್ದವರು. ಈ ದೇಶದ ಹೆಂಗಸರಿಗೆ 1893ರಲ್ಲೇ ವೋಟು ಸಿಕ್ಕಿತ್ತು. ಆದರೆ ಚುನಾವಣೆಗೆ ನಿಲ್ಲುವ ಹಕ್ಕು ಸಿಗಲು 1919 ಆಗಬೇಕಾಯಿತು. ಆ ವರ್ಷವೇ ಮೆಲ್ವಿಲ್ ಪಕ್ಕದ ಗ್ರೇ ಲಿನ್ ಕ್ಷೇತ್ರದಿಂದ ನಿಂತರು. ಸೋತರು. ಮತ್ತೆ ಮತ್ತೆ ನಿಂತರು, ಒಂದು ಸಲವೂ ಗೆಲ್ಲಲಿಲ್ಲ. ಈ ಕಟ್ಟಡ ಇರುವ ಆಕ್ಲೆಂಡ್ ಸೆಂಟ್ರಲ್‌ನಲ್ಲಿ 1993ರವರೆಗೆ ಗೆದ್ದವರೆಲ್ಲ ಗಂಡಸರೇ. ಅದರ ನಂತರ ಗೆದ್ದ ನಾಲ್ವರೂ ಹೆಂಗಸರೇ. ಪಕ್ಷಗಳು ಮಾತ್ರ ನಾಲ್ಕು.

ಮೆಲ್ವಿಲ್ ಮೊದಲ ಸಲ ಸೋತ ಅದೇ 1919ರಲ್ಲಿ ಇಲ್ಲಿ ಲೇಬರ್ ಪಕ್ಷದ ಬಿಲ್ ಪ್ಯಾರಿ ಗೆದ್ದರು. ಪಕ್ಷ ಹುಟ್ಟಿ ಆಗ ಮೂರೇ ವರ್ಷ. ಪ್ಯಾರಿ ಆಸ್ಟ್ರೇಲಿಯಾದಿಂದ ಬಂದ ಗಣಿ ಕಾರ್ಮಿಕ. 1912ರ ವೈಹಿ ಚಿನ್ನದ ಗಣಿಯ ಮುಷ್ಕರದಲ್ಲಿ ಸಂಘದ ಅಧ್ಯಕ್ಷ, ಜೈಲಿಗೂ ಹೋಗಿ ಬಂದವರು. ಅಂಥವರನ್ನು ಗೆಲ್ಲಿಸಿದ ಮತದಾರರು ಯಾರು? ಹಡಗುಕಟ್ಟೆಯ ಕೂಲಿಗಳು, ಫ್ರೀಮನ್ಸ್ ಬೇಯ ಇಕ್ಕಟ್ಟು ಮನೆಗಳ ಬಾಡಿಗೆದಾರರು, ಕಾರ್ಖಾನೆಗೆ ಹೋಗುವ ಹೆಂಗಸರು.

ಅವರ ಸಿಟ್ಟು ಎಂಥದ್ದು ಅಂತ ತಿಳಿಯಲು ಕ್ವೀನ್ ಬೀದಿಯಲ್ಲಿ ಸ್ವಲ್ಪ ಮೇಲೆ ನಡೆದು ಟೌನ್ ಹಾಲ್ ಮುಂದೆ ನಿಲ್ಲಬೇಕು. 1932ರ ಏಪ್ರಿಲ್ 14ರ ಸಂಜೆ ಕೆಲಸ ಕಳೆದುಕೊಂಡವರ ಮೆರವಣಿಗೆ ಇಲ್ಲಿಗೆ ಬಂತು. ಸಂಬಳ ಕಡಿತದ ವಿರುದ್ಧ ಸರ್ಕಾರಿ ನೌಕರರ ಸಭೆ ಒಳಗಿತ್ತು. ಹಾಲ್ ತುಂಬಿತ್ತು. ಬಾಗಿಲಲ್ಲಿ ತಳ್ಳಾಟ. ಜನರನ್ನು ಸಮಾಧಾನ ಮಾಡಲು ನಿಂತ ಮುಖಂಡ ಜಿಮ್ ಎಡ್ವರ್ಡ್ಸ್ ತಲೆಗೆ ಪೊಲೀಸ್ ಲಾಠಿ ಬಿತ್ತು. ಆಮೇಲೆ ಜನ ಕ್ವೀನ್ ಬೀದಿಯ ಉದ್ದಕ್ಕೂ ಅಂಗಡಿಗಳ ಗಾಜು ಪುಡಿ ಮಾಡಿಕೊಂಡು ಹೋದರು. ಈಗ ಅದೇ ಬೀದಿಯಲ್ಲಿ ದುಬಾರಿ ಕೈಚೀಲಗಳ ಶೋರೂಮುಗಳಿವೆ. ಮೂರು ವರ್ಷದ ನಂತರ, 1935ರಲ್ಲಿ, ಲೇಬರ್ ದೇಶವನ್ನೇ ಗೆದ್ದಿತು. ಪಕ್ಕದ ಆಕ್ಲೆಂಡ್ ವೆಸ್ಟ್ ಕ್ಷೇತ್ರದ ಮೈಕಲ್ ಜೋಸೆಫ್ ಸ್ಯಾವೇಜ್ ಪ್ರಧಾನಿಯಾದರು. ಪ್ಯಾರಿ ಮಂತ್ರಿಯಾದರು.

1946ರಲ್ಲಿ ಪ್ಯಾರಿ ಬೇರೆ ಕ್ಷೇತ್ರಕ್ಕೆ ಹೋದಾಗ ಇಲ್ಲಿಗೆ ಬಂದವರು ಬಿಲ್ ಆಂಡರ್ಟನ್. 1960ರಲ್ಲಿ ಅವರ ನಂತರ ನಾರ್ಮನ್ ಡಗ್ಲಾಸ್. ಆಂಡರ್ಟನ್ ಅವರ ಮಗಳ ಗಂಡ. ನಮ್ಮಲ್ಲಿ ಅಪ್ಪನ ಸೀಟು ಮಗನಿಗೆ ಹೋಗುವುದು ಮಾಮೂಲು. ಇಲ್ಲಿ ಮಾವನ ಸೀಟು ಅಳಿಯನಿಗೆ ಹೋಯಿತು. ಇಬ್ಬರೂ ಸೇರಿ ಸುಮಾರು ಮೂವತ್ತು ವರ್ಷ. ಮೊಮ್ಮಗನ ಹೆಸರು ರೋಜರ್ ಡಗ್ಲಾಸ್. ಆತ ಈ ಕ್ಷೇತ್ರದಿಂದ ನಿಲ್ಲಲಿಲ್ಲ. ಆದರೆ ಮಾವ, ಅಳಿಯ ಸೇರಿ ಕಾಪಾಡಿಕೊಂಡು ಬಂದ ಸೀಟನ್ನು ಪಕ್ಷ ಕಳೆದುಕೊಳ್ಳಲು ಆತ ಒಂದು ದೊಡ್ಡ ಕಾರಣ. ಅದಕ್ಕೆ ಆಮೇಲೆ ಬರುತ್ತೇನೆ.

ಕರಂಗಹಾಪೆ ರಸ್ತೆಯನ್ನು ಎಲ್ಲರೂ ಕೆ ರೋಡ್ ಅನ್ನುತ್ತಾರೆ. ಅದರ ಮೇಲ್ಸೇತುವೆಯಲ್ಲಿ ನಾನು ತುಂಬ ಹೊತ್ತು ನಿಂತೆ. ಕೆಳಗೆ ಮೋಟಾರುವೇ. ಎಷ್ಟು ಸಾಲು ಕಾರು ಹರಿಯುತ್ತವೆ ಅಂದರೆ ಎದುರಿನವರ ಮಾತು ಕೇಳುವುದಿಲ್ಲ. ಇಲ್ಲಿ ನ್ಯೂಟನ್ ಎಂಬ ಕಣಿವೆಯ ಬಡಾವಣೆ ಇತ್ತು. ಮನೆ, ಚರ್ಚು, ಸಣ್ಣ ಅಂಗಡಿ ಎಲ್ಲ ಇದ್ದವು. 1960, 70ರ ದಶಕಗಳಲ್ಲಿ ರಸ್ತೆಗಳ ಗಂಟು ಕಟ್ಟಲು ಅದನ್ನು ಕೆಡವಿದರು. ಸತ್ತವರನ್ನೂ ಬಿಡಲಿಲ್ಲ. ಸೈಮಂಡ್ಸ್ ಬೀದಿಯ ಸ್ಮಶಾನದಿಂದ ಸುಮಾರು 4,100 ಮಂದಿಯ ಅವಶೇಷ ಹೊರತೆಗೆದರು. ಬದುಕಿದ್ದವರು ದಕ್ಷಿಣದ, ಪಶ್ಚಿಮದ ಹೊಸ ಬಡಾವಣೆಗಳಿಗೆ ಹೋದರು. ಚುನಾವಣೆಯ ಪುಸ್ತಕಗಳಲ್ಲಿ ಈ ಸೇತುವೆ ಎಷ್ಟು ಜಾಗ ಪಡೆದಿದೆಯೋ ಗೊತ್ತಿಲ್ಲ, ನನ್ನ ಲೆಕ್ಕದಲ್ಲಿ ಯಾವ ಭಾಷಣಕ್ಕಿಂತಲೂ ಈ ಕ್ಷೇತ್ರವನ್ನು ಹೆಚ್ಚು ಬದಲಿಸಿದ್ದು ಇದೇ. ಇಲ್ಲಿ ಮತದಾರರು ಮನಸ್ಸು ಬದಲಾಯಿಸಿದ್ದು ಕಡಿಮೆ. ಮತದಾರರೇ ಬದಲಾದರು.

ಪಾನ್ಸನ್ಬಿ ರಸ್ತೆ ಹಿಡಿದು ನಡೆದರೆ ಅದು ಇನ್ನೂ ಚೆನ್ನಾಗಿ ಕಾಣುತ್ತದೆ. ಮರದ ಹಲಗೆಯ ಹಳೆಯ ಮನೆಗಳು, ಮುಂದೆ ಪುಟ್ಟ ವರಾಂಡ, ಕೆತ್ತನೆಯ ಅಂಚು. ಒಂದು ಕಾಲಕ್ಕೆ ಇವು ಅಗ್ಗದ ಬಾಡಿಗೆ ಮನೆಗಳು. ಸಮೋವಾ, ಟೊಂಗಾ, ನಿಯೂ ದ್ವೀಪಗಳಿಂದ ಕಾರ್ಖಾನೆ ಕೆಲಸಕ್ಕೆ ಬಂದವರು ಇಲ್ಲೇ ಉಳಿದರು. ಎಲ್ಲ ಸರಿ ಇದ್ದಾಗ ಅವರು ಬೇಕಾಗಿದ್ದರು. ಆರ್ಥಿಕತೆ ಕುಸಿದಾಗ ವೀಸಾ ಅವಧಿ ಮೀರಿದವರು ಅಂತ ಹೇಳಿ 1974ರಿಂದ 76ರವರೆಗೆ ಬೆಳಗಿನ ಜಾವ ಪೊಲೀಸರು ಬಾಗಿಲು ಬಡಿದರು. ಶುರುವಾಗಿದ್ದು ಲೇಬರ್ ಸರ್ಕಾರದಲ್ಲಿ, ಜೋರಾಗಿದ್ದು ಬಲಪಂಥದ ನ್ಯಾಷನಲ್ ಪಕ್ಷದ ಸರ್ಕಾರದಲ್ಲಿ. ಪಾನ್ಸನ್ಬಿಯ ಹುಡುಗ ಹುಡುಗಿಯರು 1971ರಲ್ಲಿ ಕಟ್ಟಿದ ಪಾಲಿನೇಷಿಯನ್ ಪ್ಯಾಂಥರ್ಸ್ ಸಂಘ ಇದಕ್ಕೆ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ಅವರೂ ಬೆಳಗಿನ ಜಾವ ರಾಜಕಾರಣಿಗಳ ಮನೆ ಮುಂದೆ ಹೋಗಿ, ದೀಪ ಬಿಟ್ಟು, ಧ್ವನಿವರ್ಧಕದಲ್ಲಿ ಕೂಗಿ ಎಬ್ಬಿಸಿದರು. ಸರ್ಕಾರ ಕ್ಷಮೆ ಕೇಳಿದ್ದು 2021ರ ಆಗಸ್ಟ್ 1ರಂದು, ಅದೇ ಟೌನ್ ಹಾಲ್‌ನಲ್ಲಿ. ಕೇಳಿದವರು ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್.

ಈಗ ಆ ಮನೆಗಳನ್ನು ಕೊಳ್ಳಲು ಲಕ್ಷಗಟ್ಟಲೆ ಡಾಲರ್ ಬೇಕು. ಭಾನುವಾರದ ಪ್ರಾರ್ಥನೆಗೆ ದೂರದ ಬಡಾವಣೆಯಿಂದ ಬಂದಿದ್ದ ಸಮೋವಾದ ಅಜ್ಜಿಯೊಬ್ಬರು ಬಸ್ ಸ್ಟಾಪಿನಲ್ಲಿ ಮಾತಿಗೆ ಸಿಕ್ಕರು. "ನಮ್ಮ ಚರ್ಚು ಮಾತ್ರ ಇಲ್ಲಿದೆ ಮಗನೇ. ನಾವು ಯಾರೂ ಇಲ್ಲಿಲ್ಲ," ಅಂದರು. ಅವರ ವೋಟೂ ಈಗ ಬೇರೆ ಕ್ಷೇತ್ರದಲ್ಲಿದೆ.

ರಸ್ತೆಯ ತುದಿಯಲ್ಲಿ ತ್ರೀ ಲ್ಯಾಂಪ್ಸ್. ಅಲ್ಲಿ ಗಡಿಯಾರ ಗೋಪುರದ ಹಳೆಯ ಪೋಸ್ಟ್ ಆಫೀಸ್ ಇದೆ. ನಾನು ಹೋದಾಗ ಒಳಗೆ ಅಂಚೆ ಕೆಲಸವೇನೂ ಇರಲಿಲ್ಲ. ಈಗ ರೋಜರ್ ಡಗ್ಲಾಸ್ ವಿಷಯ. 1984ರಲ್ಲಿ ಲೇಬರ್ ಗೆದ್ದಾಗ ಆತ ಹಣಕಾಸು ಮಂತ್ರಿ. ಸಬ್ಸಿಡಿ ಕಿತ್ತರು, ಸರ್ಕಾರಿ ಇಲಾಖೆಗಳನ್ನು ಕಂಪನಿ ಮಾಡಿದರು, ಆಮೇಲೆ ಒಂದೊಂದಾಗಿ ಮಾರಿದರು. ಅವರ ಬಲಗೈ ರಿಚರ್ಡ್ ಪ್ರೆಬಲ್. ಸರ್ಕಾರಿ ಉದ್ಯಮಗಳ ಮಂತ್ರಿ, ಮತ್ತು 1975ರಿಂದ ಇದೇ ಆಕ್ಲೆಂಡ್ ಸೆಂಟ್ರಲ್‌ನ ಸಂಸದ. 1988ರ ಫೆಬ್ರವರಿಯಲ್ಲಿ ಒಂದೇ ದಿನ ದೇಶದಲ್ಲಿ 432 ಪೋಸ್ಟ್ ಆಫೀಸುಗಳಿಗೆ ಬೀಗ ಬಿತ್ತು. ಮುಷ್ಕರ ಮಾಡಿ ಜೈಲಿಗೆ ಹೋದ ಪ್ಯಾರಿಯ ಕುರ್ಚಿಯಲ್ಲಿ ಕೂತವರು ಇದನ್ನೆಲ್ಲ ಮಾಡಿದರು ಅನ್ನುವುದು ಹಳೆಯ ಲೇಬರ್ ಮಂದಿಗೆ ಅರಗಲೇ ಇಲ್ಲ. ಪಕ್ಷದೊಳಗಿನ ಎಡಪಂಥದವರು ಒಡೆದು ಹೋಗಿ, ಬೇರೆ ಸಣ್ಣ ಪಕ್ಷಗಳ ಜೊತೆ ಅಲಯನ್ಸ್ ಎಂಬ ಕೂಟ ಕಟ್ಟಿದರು. 1993ರಲ್ಲಿ ಅದರ ಅಭ್ಯರ್ಥಿ ಸ್ಯಾಂಡ್ರಾ ಲೀ ಇಲ್ಲಿ ಪ್ರೆಬಲ್ ಅವರನ್ನು ಸೋಲಿಸಿದರು. ಮಾವೋರಿಗಳಿಗೆ ಮೀಸಲಲ್ಲದ ಸಾಮಾನ್ಯ ಕ್ಷೇತ್ರ ಗೆದ್ದ ಮೊದಲ ಮಾವೋರಿ ಮಹಿಳೆ. 1919ರಿಂದ ಬಂದ ಲೇಬರ್ ಸರಪಳಿ ಅಲ್ಲಿಗೆ ತುಂಡಾಯಿತು. ಡಗ್ಲಾಸ್ ಮತ್ತು ಪ್ರೆಬಲ್ ಆಮೇಲೆ ಬಲಪಂಥದ ಆಕ್ಟ್ ಪಕ್ಷಕ್ಕೆ ಹೋದರು. ಸಹಜ ಅನಿಸಿತು.

ಸಂಜೆ ಗೆಳೆಯನ ಮನೆಯಲ್ಲಿ ಇಲ್ಲಿನ ವೋಟಿನ ಪದ್ಧತಿ ಬಗ್ಗೆ ಪಾಠ ಆಯಿತು. 1996ರಿಂದ ಪ್ರತಿಯೊಬ್ಬರಿಗೆ ಎರಡು ವೋಟು. ಒಂದು ಪಕ್ಷಕ್ಕೆ, ಒಂದು ಕ್ಷೇತ್ರದ ಅಭ್ಯರ್ಥಿಗೆ. ಯಾವ ಪಕ್ಷಕ್ಕೆ ಎಷ್ಟು ಸೀಟು ಅನ್ನುವುದನ್ನು ಪಕ್ಷದ ವೋಟೇ ತೀರ್ಮಾನಿಸುತ್ತದೆ. ಕ್ಷೇತ್ರದಲ್ಲಿ ಸೋತರೂ ಪಕ್ಷದ ಪಟ್ಟಿಯಲ್ಲಿ ಹೆಸರು ಮೇಲಿದ್ದರೆ ಸಂಸತ್ತಿಗೆ ಹೋಗಬಹುದು. ಪೌರತ್ವವೂ ಬೇಕಿಲ್ಲ. ನೆಲೆಸುವ ಹಕ್ಕು ಇದ್ದು, ಒಂದು ವರ್ಷ ಸತತ ಅಲ್ಲಿದ್ದರೆ ವೋಟು ಹಾಕಬಹುದು. "ನಾನೇ ಹಾಕ್ತೀನಲ್ಲ. ನಿಲ್ಲೋಕೆ ಮಾತ್ರ ಆಗಲ್ಲ," ಅಂತ ಗೆಳೆಯ ನಕ್ಕ.

ಈ ಪದ್ಧತಿ ಬಂದ ವರ್ಷವೇ ಲೇಬರ್ ಪಕ್ಷದ ಜೂಡಿತ್ ಟಿಜಾರ್ಡ್ ಸೀಟು ವಾಪಸ್ ತಂದರು. 2008ರಲ್ಲಿ ಸೋತರು. 2011ರಲ್ಲಿ ಪಟ್ಟಿಯಿಂದ ಒಂದು ಜಾಗ ಖಾಲಿಯಾಗಿ ಅವರ ಸರದಿ ಬಂದಾಗ ಬೇಡ ಅಂದುಬಿಟ್ಟರು. ಅವರ ಹಿಂದಿದ್ದ ಇನ್ನೂ ಕೆಲವರು ಬೇಡ ಅಂದರು. ಕೊನೆಗೆ ಒಪ್ಪಿದವರು ಲೂಯಿಸಾ ವಾಲ್. 2013ರಲ್ಲಿ ಸಲಿಂಗಿಗಳ ಮದುವೆಗೆ ಕಾನೂನಿನ ಮಾನ್ಯತೆ ತಂದ ಮಸೂದೆ ಅವರದ್ದೇ. ಕೆ ರೋಡಿನ ಕಾಮನಬಿಲ್ಲು ಬಾವುಟಗಳನ್ನು ನೋಡಿದಾಗ ಈ ಸರದಿಯ ಕತೆ ನೆನಪಾಗಿ ನಗು ಬಂತು.

2008ರಲ್ಲಿ ಟಿಜಾರ್ಡ್ ಅವರನ್ನು 1,497 ವೋಟಿನಿಂದ ಸೋಲಿಸಿದವರು ನ್ಯಾಷನಲ್ ಪಕ್ಷದ ನಿಕಿ ಕೇ. ಬಲಪಂಥದ ಪಕ್ಷಕ್ಕೆ ಈ ಸೀಟು ಅದೇ ಮೊದಲು. ಪಾನ್ಸನ್ಬಿಯ ಹೊಸ ಮನೆಯೊಡೆಯರು ಆಗ ಲೆಕ್ಕಕ್ಕೆ ಬಂದರು. ಮುಂದಿನ ಎರಡು ಸಲ ಎದುರು ನಿಂತವರು ಜಸಿಂಡಾ ಆರ್ಡರ್ನ್. 2011ರಲ್ಲಿ 717, 2014ರಲ್ಲಿ 600 ವೋಟಿನ ಸೋಲು. ಇಬ್ಬರೂ 1980ರಲ್ಲಿ ಹುಟ್ಟಿದವರು. ಮಾಧ್ಯಮಗಳು ಅವರ ನೀತಿ ಬಿಟ್ಟು ರೂಪ, ವಯಸ್ಸಿನ ಬಗ್ಗೆ ಕೀಳಾಗಿ ಬರೆದವು. ಎರಡು ಸಲವೂ ಪರಿಸರವಾದಿ ಗ್ರೀನ್ ಪಕ್ಷದ ಅಭ್ಯರ್ಥಿಗೆ ಬಿದ್ದ ವೋಟು ಈ ಅಂತರಕ್ಕಿಂತ ಎಷ್ಟೋ ಜಾಸ್ತಿ. ಆರ್ಡರ್ನ್ ಪಟ್ಟಿಯಿಂದ ಸಂಸತ್ತಿನಲ್ಲೇ ಉಳಿದರು, 2017ರ ಫೆಬ್ರವರಿಯಲ್ಲಿ ಪಕ್ಕದ ಮೌಂಟ್ ಆಲ್ಬರ್ಟ್ ಉಪಚುನಾವಣೆ ಗೆದ್ದರು, ಅಕ್ಟೋಬರಿನಲ್ಲಿ ಪ್ರಧಾನಿ. ಅವರನ್ನು ಎರಡು ಸಲ ಸೋಲಿಸಿದ ಕೇ 2020ರಲ್ಲಿ ರಾಜಕೀಯ ಬಿಟ್ಟರು, 2024ರಲ್ಲಿ 44ನೇ ವಯಸ್ಸಿಗೆ ಕ್ಯಾನ್ಸರಿನಿಂದ ತೀರಿಕೊಂಡರು.

ಮರುದಿನ ಬಂದರಿಗೆ ಹೋದೆ. ದಾರಿಯಲ್ಲಿ ಮಾರ್ಸ್ಡೆನ್ ಕಟ್ಟೆ ಇದ್ದ ಕಡೆ ಗೆಳೆಯ ಕೈ ತೋರಿಸಿದ. 1985ರ ಜುಲೈ 10ರ ರಾತ್ರಿ ಫ್ರಾನ್ಸಿನ ಗೂಢಚಾರರು ಗ್ರೀನ್‌ಪೀಸ್ ಸಂಸ್ಥೆಯ ರೇನ್‌ಬೋ ವಾರಿಯರ್ ಹಡಗಿಗೆ ಬಾಂಬಿಟ್ಟು ಮುಳುಗಿಸಿದ್ದು ಅಲ್ಲೇ. ಛಾಯಾಗ್ರಾಹಕ ಫರ್ನಾಂಡೊ ಪೆರೇರಾ ಸತ್ತರು.

ಇಷ್ಟು ಹೊತ್ತು ನಗರದ ನಟ್ಟನಡುವಿನ ಕ್ಷೇತ್ರ ಅನ್ನುತ್ತಿದ್ದೆನಲ್ಲ, ಅದರ ದೊಡ್ಡ ಭಾಗ ಇರುವುದು ಸಮುದ್ರದಲ್ಲಿ! ವೈಹೆಕೆ ದ್ವೀಪಕ್ಕೆ ಫೆರಿಯಲ್ಲಿ ಸುಮಾರು 40 ನಿಮಿಷ. ಎಡಗಡೆ ರಂಗಿಟೊಟೊ ಜ್ವಾಲಾಮುಖಿ, ಅದೂ ಕ್ಷೇತ್ರದೊಳಗೇ. ಇನ್ನೂ ದೂರದ ಗ್ರೇಟ್ ಬ್ಯಾರಿಯರ್ ದ್ವೀಪಕ್ಕೆ ಹಡಗಿನಲ್ಲಿ ನಾಲ್ಕು ತಾಸಿಗೂ ಹೆಚ್ಚು, ಅಲ್ಲಿಗೆ ಗ್ರಿಡ್ ವಿದ್ಯುತ್ತೇ ಇಲ್ಲ. ಮೂವತ್ತು ಮಹಡಿಯ ಅಪಾರ್ಟ್‌ಮೆಂಟಿನ ವಿದ್ಯಾರ್ಥಿಗೂ, ಸೋಲಾರ್ ಫಲಕ ಒರೆಸುವ ದ್ವೀಪದವರಿಗೂ ಒಬ್ಬರೇ ಸಂಸದರು.

ಆ ಸಂಸದೆ ಕ್ಲೋಯಿ ಸ್ವಾರ್‌ಬ್ರಿಕ್. 2020ರಲ್ಲಿ ದೇಶವೆಲ್ಲ ಲೇಬರ್ ಅಲೆ, ಅರ್ಧದಷ್ಟು ಪಕ್ಷದ ವೋಟು ಅವರಿಗೇ. ಆದರೂ ಇಲ್ಲಿ 26 ವರ್ಷದ ಈ ಗ್ರೀನ್ ಅಭ್ಯರ್ಥಿ 1,068 ವೋಟಿನಿಂದ ಗೆದ್ದರು. 2023ರಲ್ಲಿ ದೇಶ ಬಲಕ್ಕೆ ವಾಲಿತು. ಇವರ ಅಂತರ 3,896ಕ್ಕೆ ಏರಿತು. ಎರಡನೇ ಸ್ಥಾನ ನ್ಯಾಷನಲ್ ಪಕ್ಷದ ಮಹೇಶ್ ಮುರಳೀಧರ್ ಅವರದ್ದು. ಪ್ಯಾರಿಯ ಪಕ್ಷಕ್ಕೆ ಮೂರನೆಯದು. ನಡು ಊರಿನಲ್ಲಿ ಈಗ ಇರುವವರು ಬಾಡಿಗೆ ಕಟ್ಟುವ ಯುವಜನ. ಬಾಡಿಗೆಯ ಸಂಕಟ ಹಳೆಯ ಫ್ರೀಮನ್ಸ್ ಬೇಯವರದ್ದೇ, ಅದನ್ನು ಹೇಳಿಕೊಳ್ಳಲು ಅವರು ಹುಡುಕಿಕೊಂಡ ಪಕ್ಷ ಮಾತ್ರ ಬೇರೆ.

ಒನೆರೋವಾ ಊರಿನ ಕಾಫಿ ಅಂಗಡಿಯಲ್ಲಿ ಪಕ್ಕ ಕೂತಿದ್ದ ನಿವೃತ್ತ ಮೇಷ್ಟ್ರಿಗೆ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. "ಇರಬಹುದು. ನಾನು ಕೇಗೂ ಹಾಕಿದ್ದೆ, ಕ್ಲೋಯಿಗೂ ಹಾಕಿದ್ದೇನೆ. ಫೆರಿ ರದ್ದಾದಾಗ ಯಾರ ಆಫೀಸಿನಲ್ಲಿ ಫೋನ್ ಎತ್ತುತ್ತಾರೋ ನೋಡ್ತೀನಿ," ಅಂದು ಗಡಿಯಾರ ನೋಡಿದರು. ನನ್ನ ಫೆರಿಗೂ ಹೊತ್ತಾಗಿತ್ತು.